ಇಂಗ್ಲಿಷರೂ ಫ್ರೆಂಚರೂ ರಾಜಿಯಾದ ಮೇಲೆ

ಮನೆ ಬದಲಿಸಲೆಂದು ಗಲ್ಫಿನ ಈ ಅಲ್ ವುಕೈರ್‌ನ ಫ್ಲ್ಯಾಟು ಖಾಲಿ ಮಾಡುತ್ತಿದ್ದಾಗ ಕಪಾಟಿನ ಮೇಲಿಂದ ಬಿಳಿ ಹೆಲ್ಮೆಟ್ಟೊಂದು ಉರುಳಿತು. ಒಳಪಟ್ಟಿಯಲ್ಲಿ ಹಳೆಯ ಬೆವರಿನ ವಾಸನೆ... ‘ಪಾಪ, ತಪ್ಪು ಪಕ್ಷ ಸೇರಿ ಕೆಟ್ಟರು’ ಎಂದು ನಮ್ಮ ಕನ್ನಡದವರು ಅದರ ಒಡೆಯರ ಬಗ್ಗೆ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸರಿಯಾದ ಪಕ್ಷ ಯಾವುದಿತ್ತು, ತೋರಿಸಿ ಎಂದು ಕೇಳಿ ಕೇಳಿ ನನಗೇ ಸಾಕಾಗಿದೆ.

ಅವರು ನಮ್ಮ ಮೇಲಿನ ಮಹಡಿಯವರು, ನನ್ನ ಆಫೀಸಿನ ಹಿರಿಯ ಎಂಜಿನಿಯರ್, ಶ್ರೀರಂಗಪಟ್ಟಣದವರು. ನನಗೆ ಬರೀ ‘ಸಾರ್’. ವಿಶ್ವಕಪ್ಪಿಗೆಂದು ಸ್ಟೇಡಿಯಂ ಏಳುತ್ತಿದ್ದ ವರ್ಷಗಳು. ಕೆಲಸವನ್ನು ಒಂದು ಇಂಗ್ಲಿಷ್ ಕಂಪನಿ, ಒಂದು ಫ್ರೆಂಚ್ ಕಂಪನಿ ಜಂಟಿಯಾಗಿ ಹಿಡಿದಿದ್ದವು. ಕಾಗದದಲ್ಲಿ ಪಾಲುದಾರರು, ಮೀಟಿಂಗಿನಲ್ಲಿ ಎರಡು ದಂಡು. ಪೈಪಿನ ನಕ್ಷೆಯನ್ನು ಒಬ್ಬರು ಒಪ್ಪಿದರೆ ಇನ್ನೊಬ್ಬರು ತಳ್ಳಿಹಾಕುವರು. ಬಿಸಿಲಲ್ಲಿ ಪೈಪು ಏರಿಸಿ ಇಳಿಸುವವರು ಮಾತ್ರ ನಮ್ಮವರೇ. ನಮ್ಮ ಊಟದ ಮೇಜುಗಳೂ ಎರಡಾಗಿದ್ದವು: ಇಂಗ್ಲಿಷರ ಕಡೆಯವರದೊಂದು, ಸಾರ್ ಕೂರುತ್ತಿದ್ದ ಫ್ರೆಂಚರ ಕಡೆಯದೊಂದು.

ಮಂಗಳೂರಿನ ಸ್ಟೋರ್‌ಕೀಪರ್ ಕೆಣಕುತ್ತಿದ್ದ: “ಎಂತ ಸಾರ್, ಇವತ್ತು ನಿಮ್ಮ ಫ್ರೆಂಚರು ಗೆದ್ರಾ?”

“ನಮ್ಮೋರಂತೆ! ನಿಮ್ಮೂರ ಕೋಟೇನ ಕೇಳಯ್ಯಾ,” ಎಂದು ಸಾರ್ ಕತೆ ತೆಗೆದರು. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಮಂಗಳೂರ ಕೋಟೆಯೊಳಗೆ ಇಂಗ್ಲಿಷರು. ಹೊರಗೆ ಮೈಸೂರಿನ ದಂಡು, ಜೊತೆಗೆ ಫ್ರೆಂಚರು. ಅಷ್ಟರಲ್ಲಿ ಯುರೋಪಿನಲ್ಲಿ ಅವರಿಬ್ಬರೂ ರಾಜಿಯಾದ ಸುದ್ದಿ ಬಂತು. ಫ್ರೆಂಚರು ಕೋವಿ ಕೆಳಗಿಟ್ಟು ಪಕ್ಕಕ್ಕೆ ಸರಿದರು. “ಗೋಡೆ ಮುಂದೆ ಉಳ್ಕೊಂಡೋರು ನಮ್ಮೋರೇ ಕಣಯ್ಯಾ.”

“ಹಾಗಾದ್ರೆ ಜಾಗ್ರತೆ ಮಾರ್ರೆ, ಇಲ್ಲಿಂದ ಓಡ್ಲಿಕ್ಕೆ ಶ್ರೀರಂಗಪಟ್ಟಣ ಹತ್ರ ಇಲ್ಲ!”

ಎಲ್ಲರೂ ನಕ್ಕೆವು.

ಒತ್ತಡದ ಪರೀಕ್ಷೆಯಲ್ಲಿ ಪೈಪು ಸೋರಿದ್ದು ಆಮೇಲೆ. ತಪ್ಪು ಇಂಗ್ಲಿಷರ ನಕ್ಷೆಯದೆಂದು ಎಲ್ಲರಿಗೂ ಗೊತ್ತಿತ್ತು. ಇಂಗ್ಲಿಷ್ ಮ್ಯಾನೇಜರ್ ಅದನ್ನು ಪೈಪು ಜೋಡಿಸಿದವರ ತಲೆಗೆ ಕಟ್ಟಲು ಹೊರಟಿದ್ದ. ಫ್ರೆಂಚ್ ಮ್ಯಾನೇಜರ್ ಸಾರ್ ಹೆಗಲ ಮೇಲೆ ಕೈಯಿಟ್ಟು, ನೀನು ಮಾತಾಡು, ಹಿಂದೆ ನಾನಿದ್ದೇನೆ ಎಂದ. ಸಾರ್ ಮಗಳು ಇಲ್ಲೇ ಹನ್ನೆರಡನೇ ತರಗತಿಯಲ್ಲಿದ್ದಳು; ಕೆಲಸ ಹೋದರೆ ವೀಸಾವೂ ಹೋದಂತೆ. “ಬೇಡ ಸಾರ್,” ಎಂದೆ.

“ಡಿಬೇಟಲ್ಲಿ ಕಪ್ ಗೆದ್ದೋಳು ನೀನು, ಬಾಯ್ ಮುಚ್ಕೊಂಡಿರಿ ಅಂತೀಯಲ್ಲಮ್ಮಾ!”

ಮೀಟಿಂಗಿನಲ್ಲಿ ಎದ್ದು ನಿಂತು, ನಕ್ಷೆಯೇ ತಪ್ಪು ಎಂದುಬಿಟ್ಟರು.

ಪೈಪು ಜೋಡಿಸಿದವರು ಉಳಿದರು. ಆದರೆ ಎರಡು ಹೆಡ್ಡಾಫೀಸುಗಳು ದೂರದಲ್ಲೆಲ್ಲೋ ಕೂತು ರಾಜಿಯಾದಾಗ ಇಂಗ್ಲಿಷರು ಸಾರ್ ಅವರನ್ನು ತೆಗೆಯಬೇಕೆಂದರು. ಫ್ರೆಂಚ್ ಮ್ಯಾನೇಜರ್ ಹೂಂ ಎಂದ. ಖಲಾಸ್. ಮಗಳ ಪರೀಕ್ಷೆಗೂ ಮೊದಲೇ ಮೇಲಿನ ಮನೆ ಖಾಲಿಯಾಯಿತು. “ಇಟ್ಕೊಳಮ್ಮ, ಬಿಸಿಲಿಗಾಗುತ್ತೆ,” ಎಂದು ಹೆಲ್ಮೆಟ್ಟು ನನ್ನ ಕೈಗಿಟ್ಟು ಹೋದರು...

ಇಂಗ್ಲಿಷರ ಮೇಜಿನಲ್ಲಿ ಉಂಡವರೂ ಸ್ಟೇಡಿಯಂ ಮುಗಿದ ಕೂಡಲೇ ಊರಿನ ವಿಮಾನ ಹತ್ತಿದರು. ಇದನ್ನು ಹೇಳಿದರೆ ತಪ್ಪು ಪಕ್ಷ ಎನ್ನುವವರು ಮಾತು ಬದಲಿಸುತ್ತಾರೆ.

ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್, ಫ್ರಾನ್ಸ್ ಎದುರಾದ ದಿನ ಆಫೀಸಿನ ದೊಡ್ಡ ಪರದೆಯ ಮುಂದೆ ಆ ಇಬ್ಬರು ಮ್ಯಾನೇಜರುಗಳು ಒಬ್ಬರನ್ನೊಬ್ಬರು ಛೇಡಿಸುತ್ತ, ಒಂದೇ ತಟ್ಟೆಯ ಸಮೋಸ ತಿನ್ನುತ್ತ ಕೂತಿದ್ದರು. ನನಗೆ ಸಿಟ್ಟೂ ಬರಲಿಲ್ಲ. ಆಯಾಸವಾಯಿತು.

ಕಳೆದ ತಿಂಗಳು ಸಾರ್ ಊರಿನಲ್ಲಿ ತೀರಿಕೊಂಡರು. ಅವರ ಪರವಾಗಿ ಇಷ್ಟು ವರ್ಷ ವಾದಿಸಿದವಳು ಅವರನ್ನೇ ಒಂದು ಮಾತು ಕೇಳಲಿಲ್ಲ. ಸಾರ್, ಆ ದಿನ ಎದ್ದು ನಿಂತಾಗ ಹೆಗಲ ಮೇಲೆ ಕೈಯಿಟ್ಟ ಆ ಮನುಷ್ಯನ್ನ ನಂಬಿದ್ರಾ, ಇಲ್ಲಾ ಯಾರನ್ನೂ ನಂಬದೇನೇ ನಿಂತ್ರಾ?