ಏರಿಸಿ ಹೇಳಿದ ಬೆಲೆ

ಕುರಿ ಸಂತೆಯಲ್ಲಿ ಯಾರೂ ಮನಸ್ಸಿನ ಬೆಲೆಯನ್ನು ಮೊದಲೇ ಹೇಳುವುದಿಲ್ಲ. ಮಾರುವವನು ಏರಿಸುತ್ತಾನೆ, ಕೊಳ್ಳುವವನು ಜಗ್ಗುತ್ತಾನೆ, ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಕೊಟ್ಟೂರಿನಲ್ಲಿ ಇನ್ನೊಬ್ಬರ ಕುರಿ ಹೊಡೆಯುತ್ತಿದ್ದ ನಾನು ಸ್ವಂತ ಗಾಡಿ ಮಾಡಿಕೊಂಡದ್ದು ಈ ವಿದ್ಯೆಯಿಂದಲೇ. ಅದನ್ನೇ ನಂಬಿಕೊಂಡು ಬಾಲನ್ಯಾಯ ಮಂಡಳಿಯ ಮುಂದೆಯೂ ಹೋಗಿ ನಿಂತೆ.

ನನ್ನ ಅಕ್ಕನ ಮಗ ಗೆಳೆಯರ ಜೊತೆ ಸೇರಿ ಕಾನಹೊಸಹಳ್ಳಿಯಲ್ಲಿ ಬೈಕು ಕದ್ದಿದ್ದ. ಇನ್ನೂ ಹದಿನಾರು ವರ್ಷ. ಮಂಡಳಿಯವರು ಪ್ರೊಬೇಷನ್ ಮೇಲೆ ಮನೆಗೆ ಕಳಿಸಿದರು. ಶಾಲೆ ಬಿಡಬಾರದು, ಆ ಗೆಳೆಯರ ಸಹವಾಸ ಕೂಡದು, ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಬೇಕು. ಹುಡುಗನಿಗೆ ತಂದೆ ಇಲ್ಲ. ಜವಾಬ್ದಾರಿಗೆ ಸಹಿ ಹಾಕಿದವನು ನಾನು. ಪ್ರತಿ ಭೇಟಿಗೂ ನಾನೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದೆ.

ಕೆಲವು ತಿಂಗಳು ಸರಿಯಾಗಿದ್ದ. ಆಮೇಲೆ ಭೇಟಿಯ ದಿನ ಮನೆಯಿಂದಲೇ ಮಾಯವಾಗತೊಡಗಿದ. ಹೆದ್ದಾರಿಯ ಧಾಬಾದಲ್ಲಿ ಅದೇ ಗೆಳೆಯರ ಜೊತೆ ಕೂತದ್ದನ್ನು ಯಾರೋ ನೋಡಿದರು. ಅಧಿಕಾರಿ ವರದಿ ಕೊಟ್ಟರು, ಮಂಡಳಿ ನಮ್ಮೆಲ್ಲರನ್ನೂ ಕರೆಸಿತು.

ದಾರಿಯಲ್ಲಿ ಅಕ್ಕ ಒಂದೇ ಸಮನೆ, "ತಮ್ಮಾ, ಹೆಂಗರ ಮಾಡಿ ಮನಿಗೆ ಕರ್ಕೊಂಡ್ ಬರೂನು" ಎನ್ನುತ್ತಿದ್ದಳು.

"ಸುಮ್ನಿರಬೇ, ಮಾತು ನಂಗ ಬಿಡು" ಎಂದೆ.

ಮಂಡಳಿಯ ಮೇಡಂ ನನ್ನನ್ನೇ ಕೇಳಿದರು: "ಇವನನ್ನು ನೋಡಿಕೊಳ್ಳುವವರು ನೀವು. ಏನು ಮಾಡೋಣ, ಹೇಳಿ."

"ಇಂವ ಸುಧಾರ್ಸೋನಲ್ರಿ ಮೇಡಂ. ಮನ್ಯಾಗ ಯಾರ ಮಾತೂ ಕೇಳಂಗಿಲ್ಲ. ಒಳಗ ಹಾಕ್ರಿ, ಬುದ್ಧಿ ಬರ್ಲಿ!"

ನನ್ನ ಲೆಕ್ಕ ಇಷ್ಟೇ: ನಾನು ಇಷ್ಟು ಏರಿಸಿದರೆ ಅವರು 'ಪಾಪ, ಚಿಕ್ಕವನು' ಎಂದು ಇಳಿಯುತ್ತಾರೆ, ಒಂದು ಎಚ್ಚರಿಕೆಗೆ ಮುಗಿಯುತ್ತದೆ, ಹುಡುಗನೂ ಹೆದರುತ್ತಾನೆ. ಸಂತೆಯಲ್ಲಾಗಿದ್ದರೆ ಎದುರಿನವನು ಆಗ ನಗಬೇಕು. ಅಲ್ಲಿ ಯಾರೂ ನಗಲಿಲ್ಲ. ಮೇಡಂ ಅಧಿಕಾರಿಯ ಮುಖ ನೋಡಿದರು. ಅವರು, "ಮನೆಯವರೇ ಬೇಡ ಅಂದ್ರೆ ನಾನೇನು ಹೇಳ್ಲಿ ಮೇಡಂ" ಎಂದರು.

"ಹಂಗಲ್ರಿ, ನಾ ಮಾತಿಗೆ ಅಂದೆ!" ಎಂದೆ. ಅಷ್ಟರಲ್ಲಿ ಪಕ್ಕದಲ್ಲಿ ಅಕ್ಕ ಅಳತೊಡಗಿದ್ದಳು; ಅದನ್ನು ನೋಡಿ ನನ್ನ ಮನಸ್ಸು ಕರಗಿತೆಂದು ಮಂಡಳಿಯವರು ತಿಳಿದರು. ಪ್ರೊಬೇಷನ್ನಿನ ಉಳಿದ ಅವಧಿಗೆ ಹುಡುಗನನ್ನು ತಪ್ಪು ಮಾಡಿದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳಿಸಿದರು.

ಹೊರಗೆ ಬಂದ ಮೇಲೆ ಅಧಿಕಾರಿ ಹೇಳಿದರು: "ವಾರಕ್ಕೊಮ್ಮೆ ಬರ್ಲಿ, ಸಂಜೆ ಮನೇಲಿರ್ಲಿ, ಅಷ್ಟೇ ಸಾಕು ಅಂತ ಮೇಡಂನ ಕೇಳೋನಿದ್ದೆ. ಯಾಕಪ್ಪಾ ಭೇಟಿ ತಪ್ಪಿಸ್ದೆ ಅಂತ ಹುಡುಗನ್ನ ಕೇಳಿದ್ರೆ, ಮಾಮ ದಾರಿ ತುಂಬಾ ಬುದ್ಧಿ ಹೇಳ್ತಾನೆ, ಅದಕ್ಕೇ ಬರ್ಲಿಲ್ಲ ಅಂದ."

ಮಕ್ಕಳಿಗಾಗಿ ಅಂಥ ಕೋಣೆಗೆ ಹೋಗುವವರಿಗೆ ನಾನು ಇವತ್ತಿಗೂ ಹೇಳುತ್ತೇನೆ: ಅಲ್ಲಿ ಚೌಕಾಸಿ ಇಲ್ಲ, ನಿಮ್ಮ ಮೊದಲ ಮಾತೇ ಕಡೆಯ ಮಾತು. ನನಗೆ ಇದು ತಿಳಿಯುವ ಹೊತ್ತಿಗೆ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು.

ವಿಶೇಷ ಗೃಹದಲ್ಲಿ ಮೊದಲ ಸಲ ನೋಡಲು ಹೋದಾಗ ಹುಡುಗ ಸೊರಗಿದ್ದ. ಅಕ್ಕ ಅವನ ತಲೆ ಸವರುತ್ತಾ ಕೂತಳು. ಅವನು ನನ್ನ ಕಡೆ ತಿರುಗಿದ.

"ಮಾಮಾ, ನಿನ್ ಮನಸ್ನ್ಯಾಗ ಕಡೀ ರೇಟು ಏನಿತ್ತು?"

"ನಿನ್ನ ಮನಿಗೆ ಕರ್ಕೊಂಡ್ ಹೋಗೋದೇ ಇತ್ತಲೇ."

"ಮತ್ತ ಅದ್ನ ಹೇಳ್ಬೇಕಿತ್ತಲ್ಲೋ?"

ಅವನಿಗೆ ಹೇಳಬೇಕೆಂದು ನಮ್ಮೂರು ಕೂಡ್ಲಿಗಿಯಿಂದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬುದ್ಧಿಮಾತು ಬಹಳ ಇತ್ತು.

"ಊಟ ಹೆಂಗೈತಿ ಇಲ್ಲಿ?" ಎಂದಷ್ಟೇ ಕೇಳಿದೆ.