ಮಾಸ್ತರರ ಎಡ ಹೆಗಲು

ತಲೆನೋವೆಂದರೆ ಜನ ಒಂದು ಮಾತ್ರೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಹೊಟ್ಟೆನೋವೆಂದರೆ ನಿನ್ನೆ ಎಂತ ತಿಂದಿದ್ದಿರಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ನಡೆಯುತ್ತಾರೆ. ಆದರೆ ಹೆಗಲು ನೋಯುತ್ತದೆ ಎಂದು ಕುಮಟೆಯ ಮೀನುಪೇಟೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಒಮ್ಮೆ ಬಾಯಿಬಿಟ್ಟು ನೋಡಿ. ಆ ಕ್ಷಣದಿಂದ ನಿಮ್ಮ ಹೆಗಲು ಊರಿನ ಸೊತ್ತು. ಗುರುತು ಪರಿಚಯವಿಲ್ಲದವರೂ ನಿಮ್ಮ ತೋಳನ್ನು ತಿರುಗಿಸಿ, "ಇಲ್ಲಿ? ಹಾಂಗಾರೆ ಇಲ್ಲಿ?" ಎಂದು ಒತ್ತುತ್ತ ಹೋಗಿ, ನಿಮ್ಮ ಮುಖ ಕಿವುಚಿಕೊಂಡ ಜಾಗ ಸಿಕ್ಕಿದೊಡನೆ ನಿಧಿ ಸಿಕ್ಕವರಂತೆ ಹಿಗ್ಗಿ ಮದ್ದು ಹೇಳುತ್ತಾರೆ. ಬೇರೆ ಅವಯವಗಳಿಗಿರುವ ಪ್ರೈವಸಿ ಪಾಪ, ಹೆಗಲಿಗಿಲ್ಲ.

ನಾನು ಹೇಳಹೊರಟ ಹೆಗಲು ನನ್ನದಲ್ಲ, ನಮ್ಮವರದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಊರಿಗೆಲ್ಲ ಮಾಸ್ತರು. ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ಅಕ್ಕೋರು. ಅವರ ಮಾರ್ನಿಂಗ್ ವಾಕ್ ಸಮುದ್ರದಂಡೆಯ ಹೊಯ್ಗೆ, ಅಂದರೆ ಮರಳಿನ ಮೇಲೆ. ದಡದಿಂದ ಬಲೆ ಎಳೆಯುವ ದಿನ ಹಗ್ಗಕ್ಕೆ ಕೈಹಾಕಿದವರು ಯಾರೇ ಆಗಿರಲಿ, ಅವರ ಕೈಗೆ ಒಂದಿಷ್ಟು ಮೀನು ಹಾಕಿ ಕಳಿಸುವುದು ನಮ್ಮ ಕಡೆಯ ಮರ್ಯಾದೆ. ಪೇಟೆಯಲ್ಲಿ ಕೊಂಡು ತಂದ ಬಂಗಡೆಗಿಂತ ಸ್ವಂತ ಬೆವರಿಗೆ ಬಂದ ತಾರ್ಲೆಗೆ ರುಚಿ ಹೆಚ್ಚು ಎಂಬುದನ್ನು ನಮ್ಮವರು ಪ್ರಮೇಯದಂತೆ ದಿನವೂ ನನ್ನೆದುರು ಸಾಧಿಸುತ್ತಿದ್ದರು. ಆ ತಾರ್ಲೆಯ ಹೊಟ್ಟೆ ಸೀಳಿ ಸ್ವಚ್ಛ ಮಾಡುವವಳು ನಾನಾದ್ದರಿಂದ ಪ್ರಮೇಯ ನನಗೆ ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ.

ಈ ಸಲ ಮಳೆಗಾಲ ಮುಗಿದು ಬಲೆ ಬಿಡಲು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರು ಒಬ್ಬರೇ ಬರಲಿಲ್ಲ. ಬಲೆಯ ಯಜಮಾನ ಸೋಮ ಮೀನಿನ ಚೀಲ ಹಿಡಿದು ಹಿಂದೆಯೇ ಬಂದ.

"ಎಂತ ಇಲ್ಲ ಅಕ್ಕೋರೆ. ಹಗ್ಗ ಎಳೂವಾಗ ಮಾಸ್ತರ್ರು ಹೊಯ್ಗೆ ಮೇಲೆ ಕೂತ್ಕಂಡ್ರು. ಎಡಗೈ ರಟ್ಟೆ ಉಳುಕದೆ. ನಾಕ್ ದಿವ್ಸ ಎಣ್ಣೆ ತಿಕ್ಕಿ, ಆತು."

"ಗಣಿತದ ಕೈ, ಸೋಮ. ಚಾಕ್‌ಪೀಸಿಗಿಂತ ಭಾರದ್ದು ಎತ್ತಿ ಗೊತ್ತಿಲ್ಲ," ಎಂದೆ ನಾನು. ಇಬ್ಬರೂ ನಕ್ಕರು. ನಮ್ಮವರು ತುಸು ತಡವಾಗಿ ನಕ್ಕರು. ಅದನ್ನು ನಾನು ಆಗ ಗಮನಿಸಲಿಲ್ಲ.

ಅಲ್ಲಿಂದ ಊರು ನಮ್ಮ ಮನೆಯೊಳಕ್ಕೆ ಬಂತು. ಮೊದಲು ಹುರಿದ ಉಪ್ಪಿನ ಗಂಟಿನ ಶಾಖ. ಆಮೇಲೆ ಲಕ್ಕಿ ಸೊಪ್ಪು ಕುದಿಸಿದ ನೀರು. ಹೊನ್ನಾವರದ ಕಡೆಯ ನಾಟಿ ವೈದ್ಯರೊಬ್ಬರು ತೋಳನ್ನು ಎರಡು ಸಲ ಜಗ್ಗಿ, "ನರದ ಮೇಲೆ ನರ ಹತ್ತಿ ಕೂತದೆ" ಎಂದು ತೀರ್ಪಿತ್ತು, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಸೊಪ್ಪಿನ ಪಟ್ಟು ಕಟ್ಟಿ ಕಳಿಸಿದರು. ಹೋಮಿಯೋಪಥಿಯ ಸಕ್ಕರೆ ಗುಳಿಗೆಗಳು ಬಂದವು. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಭಟ್ಕಳದ ಫಾತಿಮಾ, ಈಗಲೂ ವಾರಕ್ಕೊಮ್ಮೆ ಫೋನ್ ಮಾಡುವವಳು, ಎಲ್ಲವನ್ನೂ ಕೇಳಿ ಗದರಿದಳು. "ಅರೆ, ಸೊಪ್ಪು ಸದೆ ಸಾಕು ಮಾಡು. ನನ್ನ ಅಣ್ಣನ ಮಗ ಹಿಜಾಮಾ ಮಾಡ್ತಾನೆ. ಬೆನ್ನ ಮೇಲೆ ಕಪ್ ಇಟ್ಟು ಕೆಟ್ಟ ರಕ್ತ ಎಳೆದು ತೆಗೀತಾನೆ. ಕರ್ಕೊಂಡು ಬಾ, ನಿನ್ನ ಮಾಸ್ತರು ನಾಳೆ ಬೋಟನ್ನೇ ಎಳೀತಾರೆ."

ಆಶ್ಚರ್ಯವೆಂದರೆ, ಜ್ವರಕ್ಕೆ ಮಾತ್ರೆ ನುಂಗಲೂ ವಾದ ಮಾಡುವ ನಮ್ಮವರು ಇದೆಲ್ಲಕ್ಕೂ ವಿಧೇಯ ವಿದ್ಯಾರ್ಥಿಯಂತೆ ಮೈಯೊಡ್ಡಿದರು. ಡಾಕ್ಟರ ಹೆಸರೆತ್ತಿದರೆ ಮಾತ್ರ "ಉಳುಕಿಗೆಂತ ಡಾಕ್ಟರು, ಮಾರಾಯ್ತಿ" ಎಂದು ಪೇಪರಿನ ಹಿಂದೆ ಸರಿಯುತ್ತಿದ್ದರು.

ನಾನಾದರೋ ಪುಸ್ತಕ ನೋಡದೆ ಯಾವುದನ್ನೂ ನಂಬದವಳು. ಕಾನ್ವೆಂಟಿನಲ್ಲಿ ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ "ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್" ಎನ್ನುತ್ತ ಬೆಂಚುಗಳ ನಡುವೆ ಸುಳಿಯುತ್ತಿದ್ದರು. ಹೆಗಲು ನೆಟ್ಟಗಿದ್ದರೆ ಚಾರಿತ್ರ್ಯವೂ ನೆಟ್ಟಗಿರುತ್ತದೆ ಎಂಬುದು ಅವರ ಶ್ರದ್ಧೆ. ಆದರೆ ಹೆಗಲಿನ ಒಳಗೆ ಏನಿದೆ ಎಂದು ಅವರು ಹೇಳಿಕೊಟ್ಟಿರಲಿಲ್ಲ. ಫಿಜಿಯೋಥೆರಪಿ ಓದಿದ ತಂಗಿಯ ಮಗಳು ನಮ್ಮಲ್ಲಿ ಬಿಟ್ಟುಹೋದ ಅನಾಟಮಿ ಪುಸ್ತಕವನ್ನು ಒಂದು ಮಧ್ಯಾಹ್ನ ಕಪಾಟಿನಿಂದ ಇಳಿಸಿದೆ. ಎಂಥ ವಿಚಿತ್ರ ರಚನೆ ಅದು. ತೋಳಿನ ಎಲುಬಿನ ಗುಂಡುತಲೆ ಒಂದು ಪುಟ್ಟ ತಟ್ಟೆಗೆ ಆನಿಸಿದ ಲಿಂಬೆಹಣ್ಣಿನಂತೆ ನಿಂತಿದೆ. ಅದು ಉರುಳಿ ಬೀಳದಂತೆ ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ನಾಲ್ಕು ಸಣ್ಣ ಸ್ನಾಯುಗಳು ತಬ್ಬಿಹಿಡಿದಿವೆ. ಅಂಗಿಯ ಕಫ್ ಮಣಿಕಟ್ಟನ್ನು ಸುತ್ತಿದಂತೆ ಸುತ್ತಿರುವುದರಿಂದ ಅವಕ್ಕೆ ರೊಟೇಟರ್ ಕಫ್ ಎಂದು ಹೆಸರು. ಹೊರಗೆ ಕಾಣುವ ದುಂಡು, ದರ್ಜಿ ಅಳತೆ ತೆಗೆಯುವ ಶೋಭೆ ಎಲ್ಲ ಡೆಲ್ಟಾಯ್ಡ್ ಎಂಬ ಮುಕ್ಕೋನದ ದಪ್ಪ ಸ್ನಾಯುವಿನದು. ಒಳಗೆ ಹೆಸರಿಲ್ಲದೆ ದುಡಿಯುವವರು ಈ ನಾಲ್ವರು. ಅವರಲ್ಲೂ ಸುಪ್ರಾಸ್ಪೈನೇಟಸ್ ಎಂಬ, ಹೆಸರಿನಲ್ಲಿ ಚಕ್ರವರ್ತಿ ಕೆಲಸದಲ್ಲಿ ಕೂಲಿಯಾದ ಒಬ್ಬ, ಎಲುಬಿನ ಮಾಡಿನ ಕೆಳಗಿನ ಇಕ್ಕಟ್ಟಿನಲ್ಲಿ ನುಸುಳಿ ತೋಳನ್ನು ಎತ್ತುತ್ತಾನೆ. ಅವನು ಹರಿದರೆ ಕೈ ಎತ್ತುವಾಗ ನಡುದಾರಿಯಲ್ಲಿ ಜೀವ ಹೋಗುವಷ್ಟು ನೋವು.

ಅಪರಾಧಿ ಸಿಕ್ಕಿದ ಸಂಭ್ರಮದಲ್ಲಿ ಜಗುಲಿಗೆ ಹೋಗಿ, "ಕೈ ಎತ್ತಿ" ಎಂದೆ.

"ನಿನ್ನ ಕ್ಲಾಸಿನ ಪೋರನಾ ನಾನು?"

"ಮಾತು ಬೇಡ. ಎತ್ತಿ."

ಎತ್ತಿದರು. ಕಿವಿಗೆ ತಾಗುವವರೆಗೆ ಸಲೀಸಾಗಿ ಏರಿತು. ಬೆನ್ನ ಹಿಂದೆ ಒಯ್ಯಿರೆಂದೆ, ಒಯ್ದರು. ಗೋಡೆಯನ್ನು ನೂಕಿರೆಂದೆ, ನೂಕಿದರು. ಪುಸ್ತಕದಲ್ಲಿದ್ದ ಪರೀಕ್ಷೆಗಳಲ್ಲೆಲ್ಲ ನಾಲ್ಕು ಸ್ನಾಯುಗಳೂ ಫಸ್ಟ್ ಕ್ಲಾಸಿನಲ್ಲಿ ಪಾಸಾದವು. "ನೋಡಿದ್ಯಾ, ಗುಣ ಆತು," ಎಂದು ಅವರು ಗೆಲುವಾಗಿ ಒಳಗೆ ಹೋದರು. ನಾನು ಮಾತ್ರ ಪುಸ್ತಕ ಮುಚ್ಚಲಿಲ್ಲ. ಏಕೆಂದರೆ ಅವತ್ತೇ ಬೆಳಿಗ್ಗೆ ಸಮುದ್ರದಿಂದ ರಸ್ತೆಗೆ ಹತ್ತುವ ಏರಿನಲ್ಲಿ ಅವರು ನಿಂತು, ಮೊಬೈಲ್ ನೋಡುವವರಂತೆ ನಟಿಸುತ್ತ, ಬಲಗೈಯಿಂದ ಎಡ ಹೆಗಲನ್ನು ಹಿಡಿದುಕೊಂಡದ್ದನ್ನು ನಾನು ಗೇಟಿನಿಂದ ಕಂಡಿದ್ದೆ. ಸ್ವಲ್ಪ ನಿಂತರು, ಕೈ ಬಿಟ್ಟರು, ನಡೆದರು. ಕೈ ಎತ್ತಿದರೆ ನೋಯದ ಹೆಗಲು ಏರು ಹತ್ತಿದರೆ ನೋಯುತ್ತದೆ; ನಿಂತರೆ ಶಮನವಾಗುತ್ತದೆ. ಹೆಗಲಿನ ಯಾವ ಸ್ನಾಯುವಿಗೂ ಇಂಥ ಸ್ವಭಾವವಿಲ್ಲ. ಆ ಸ್ವಭಾವದ ಸ್ನಾಯು ಎದೆಗೂಡಿನೊಳಗೆ ಒಂದೇ ಒಂದಿದೆ. ಇಷ್ಟು ದಿನ ನಾವು ಹಚ್ಚಿದ ಮದ್ದುಗಳಲ್ಲಿ ದೋಷವಿರಲಿಲ್ಲವೇನೋ, ವಿಳಾಸ ತಪ್ಪಿತ್ತು.

ಹಿತ್ತಿಲಿಗೆ ಹೋಗಿ ನಮ್ಮ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಡುವೆ ಒಮ್ಮೆಯೂ ಬಾಯಿಹಾಕದೆ ಕೇಳಿದರು; ಡಾಕ್ಟರು ಹಾಗೆ ಕೇಳಿದರೆ ಹೆದರಬೇಕು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ತಾವೇ ಹೇಳಿಡುವುದಾಗಿಯೂ ಇವತ್ತೇ ಹೊರಡಬೇಕೆಂದೂ ಹೇಳಿ, ನಾಲಿಗೆ ಕೆಳಗಿಡುವ ಗುಳಿಗೆಯನ್ನು ಕಳಿಸಿಕೊಟ್ಟರು. "ಕೂತಲ್ಲೇ ನೋವು ಬಂದರೆ ಇದನ್ನು ಕೊಡಿ. ಇಳಿಯದಿದ್ದರೆ ಮುಂದೆ ಹೋಗಬೇಡಿ, ಹತ್ತಿರದ ಆಸ್ಪತ್ರೆಗೆ ನುಗ್ಗಿ."

ಆಸ್ಪತ್ರೆಯೆಂದರೆ ಇವರು ಹೊಸ್ತಿಲು ದಾಟುವುದಿಲ್ಲ. ಆದ್ದರಿಂದ, "ಫಾತಿಮಾ ಕಾಯ್ತಾ ಇದ್ದಾಳೆ, ಹಿಜಾಮಾಕ್ಕೆ ಭಟ್ಕಳಕ್ಕೆ ಹೋಗುವ" ಎಂದೆ. ಅವರು ನಂಬಲೆಂದು ಅವರೆದುರೇ ಅವಳಿಗೆ ಫೋನ್ ಮಾಡಿ ಬರುತ್ತೇವೆಂದೂ ಹೇಳಿದೆ. ಡ್ರೈವರ್ ಗಜಾನನನಿಗೆ ಮಾತ್ರ ಗುಟ್ಟು ಹೇಳಿದ್ದೆ.

ಕಾರು ಕುಮಟೆ ಬಿಟ್ಟಾಗ ಅವರು ಗಜಾನನನಿಗೆ ಕಪ್ಪಿನೊಳಗಿನ ನಿರ್ವಾತ ರಕ್ತವನ್ನು ಎಳೆಯುವ ಬಗೆಯನ್ನು ವಿವರಿಸುತ್ತಿದ್ದರು. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಹತ್ತುವಾಗ ವಿವರಣೆ ಅರ್ಧಕ್ಕೆ ನಿಂತಿತು. ಪಕ್ಕಕ್ಕೆ ತಿರುಗಿ ನೋಡಿದೆ. ಏಸಿಯ ತಂಪಿನಲ್ಲೂ ಹಣೆಯ ಮೇಲೆ ಬೆವರು. ಬಲಗೈ ಎಡ ಹೆಗಲಿನ ಮೇಲಿತ್ತು.

"ಹೋಮಿಯೋಪಥಿ ಗುಳಿಗೆ. ನಾಲಿಗೆ ಕೆಳಗೆ ಇಟ್ಕೊಳ್ಳಿ," ಎಂದು ಕೊಟ್ಟೆ. ನನ್ನ ದನಿ ನಡುಗದಂತೆ ನೋಡಿಕೊಳ್ಳುವುದಕ್ಕೆ ಇಡೀ ಕಾನ್ವೆಂಟ್ ಶಿಕ್ಷಣ ಬೇಕಾಯಿತು.

"ಇದು ಬೇರೆ ಥರ ಇದ್ದಲ್ಲ."

"ಪೊಟೆನ್ಸಿ ಹೆಚ್ಚಿನದು."

ಅವರು ಕಣ್ಣು ಮುಚ್ಚಿದರು. ಹೊಳೆ ಹಿಂದೆ ಸರಿಯಿತು, ಊರುಗಳು ಸರಿದವು. ನಾನು ಹೊರಗಿನದೇನನ್ನೂ ಕಾಣಲಿಲ್ಲ, ಅವರ ಅಂಗಿಯ ಎರಡನೆಯ ಗುಂಡಿ ಏರಿಳಿಯುವುದನ್ನು ಮಾತ್ರ ನೋಡುತ್ತ ಕೂತೆ. ಗಜಾನನ ಕನ್ನಡಿಯಲ್ಲೇ ಹುಬ್ಬೆತ್ತಿ ಕೇಳುತ್ತಿದ್ದ: ಭಟ್ಕಳದ ಆಸ್ಪತ್ರೆಯಲ್ಲಿ ನಿಲ್ಲಿಸಬೇಕೋ ಬೇಡವೋ. ಮುರ್ಡೇಶ್ವರದ ತಿರುವು ದಾಟಿದ ಮೇಲೆ ಹಣೆ ಆರಿತು. ಹೆಗಲ ಮೇಲಿನ ಕೈ ಜಾರಿ ಮಡಿಲಿಗೆ ಬಂತು. ಈಗ ನೋವಿದೆಯೇ ಎಂದೆ. ಇಲ್ಲವೆಂದು ತಲೆಯಾಡಿಸಿದರು. ನಾನು ಗಜಾನನನಿಗೆ ಮುಂದೆ ಹೋಗೆಂದು ಸನ್ನೆ ಮಾಡಿದೆ. ಅಂಥ ನಿರ್ಧಾರ ನನ್ನ ಆಯುಷ್ಯದಲ್ಲಿ ಇನ್ನೊಂದು ಬಾರದಿರಲಿ.

ಭಟ್ಕಳದ ಸರ್ಕಲಿನಲ್ಲಿ ಫೋನ್ ಹೊಡೆದುಕೊಂಡಿತು. ಇವರನ್ನು ಹೊರಡಿಸುವ ಗಡಿಬಿಡಿಯಲ್ಲಿ ಫಾತಿಮಾಗೆ ನಿಜ ಹೇಳಲು ಮರೆತಿದ್ದೆ.

"ಎಲ್ಲಿದ್ದೀಯೇ? ಹುಡುಗ ಕಪ್ ತೊಳೆದು ಇಟ್ಕೊಂಡು ಕೂತಿದ್ದಾನೆ. ನಾನು ಬಿರಿಯಾನಿ ಬೇರೆ ಮಾಡಿಸಿದ್ದೇನೆ."

"ಬಂದೆ, ಬಂದೆ," ಎಂದೆ. ಕಾರು ಅವಳ ಗಲ್ಲಿಯ ಬಾಯಿಯನ್ನು ದಾಟಿ ಓಡುತ್ತಿತ್ತು.

ನಮ್ಮವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಭಟ್ಕಳ ದಾಟಿತು."

"ಹೌದು."

"ಉಡುಪಿ ಕಡೆಗಾ?"

"ಹೌದು."

ಬೈಯುತ್ತಾರೆ, ಗಾಡಿ ತಿರುಗಿಸು ಎನ್ನುತ್ತಾರೆ ಎಂದುಕೊಂಡೆ.

"ಹೊಯ್ಗೆ ಮೇಲೆ ಕೂತೆನಲ್ಲ, ಅವತ್ತೇ ಅನುಮಾನ ಬಂದಿತ್ತು ನನಗೆ," ಎಂದರು. "ಆದರೆ ಸೋಮ ರಟ್ಟೆ ಅಂದ. ವೈದ್ಯರು ನರ ಅಂದ್ರು. ಇಷ್ಟೆಲ್ಲ ಜನ ಹೆಗಲು ಹೆಗಲು ಅನ್ನುವಾಗ, ಹೆಗಲೇ ಆಗಿರಲಿ ಅಂತ ಆಸೆ, ಮಾರಾಯ್ತಿ."

ನಮ್ಮ ಕರಾವಳಿಯ ಎಣ್ಣೆ, ಪಟ್ಟು, ಶಾಖಗಳ ಒಳಗುಟ್ಟು ನನಗೆ ಹೊಳೆದದ್ದು ಆಗ. ಅವುಗಳನ್ನು ಕೊಡುವವರೂ ಹಚ್ಚಿಸಿಕೊಳ್ಳುವವರೂ ಸೇರಿ ಒಂದೇ ಪ್ರಾರ್ಥನೆ ಮಾಡುತ್ತಿರುತ್ತಾರೆ: ಇದು ಕೈಗೆ ಸಿಗುವ ಜಾಗದ ನೋವಾಗಿರಲಿ, ತಿಕ್ಕಿದರೆ ಹೋಗುವಂಥದ್ದಾಗಿರಲಿ. ಮನಸ್ಸಿನಲ್ಲೇ ಜೋಡಿಸುತ್ತ ಬಂದಿದ್ದ ಬೈಗುಳಗಳನ್ನೆಲ್ಲ ನಾನು ನುಂಗಿಕೊಂಡೆ.

ಇನ್ನೊಬ್ಬರ ಎದುರಿಗೆ ನನ್ನ ಕೈ ಮುಟ್ಟಲೂ ಸಂಕೋಚಪಡುವ ಮನುಷ್ಯ, ಗಜಾನನ ಕನ್ನಡಿಯಲ್ಲಿ ನೋಡುತ್ತಿದ್ದಾನೆಂದು ತಿಳಿದೂ, ಮೆಲ್ಲಗೆ ವಾಲಿ ನನ್ನ ಬಲ ಹೆಗಲಿನ ಮೇಲೆ ತಲೆಯಿಟ್ಟರು. ಗಣಿತ ತುಂಬಿದ ತಲೆ, ಭಾರ ಕಡಿಮೆಯದಲ್ಲ. ಎಚ್ಚರವಾದೀತೆಂದು ನಾನು ಆಸ್ಪತ್ರೆಯ ಗೇಟಿನವರೆಗೂ ಕದಲಲಿಲ್ಲ. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿರುವಷ್ಟು ಹೊತ್ತು ಬೇರೇನೂ ಬೇಕಿರಲಿಲ್ಲ.

ಅಲ್ಲಿ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ, ಹೃದಯದ ಹತ್ತಿರ ಕಟ್ಟಿಕೊಂಡಿದ್ದ ದಾರಿಯನ್ನು ಬಿಡಿಸಿದರು. ಮಾಸ್ತರು ಈಗ ಏರನ್ನು ನಿಲ್ಲದೆ ಹತ್ತುತ್ತಾರೆ. ಫಾತಿಮಾ ಬಿರಿಯಾನಿಯ ವಿಷಯದಲ್ಲಿ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ನನಗೆ ಮಾತ್ರ ಆ ತಲೆಯನ್ನು ಹೊತ್ತ ದಿನದಿಂದ ಬಲಗೈ ಎತ್ತಿ ಹೆರಳು ಹಾಕಿಕೊಳ್ಳುವಾಗ ನಡುದಾರಿಯಲ್ಲಿ ಒಂದು ಛಳುಕು. ಪುಸ್ತಕದ ಪ್ರಕಾರ ಇದು ನಿಸ್ಸಂದೇಹವಾಗಿ ಹೆಗಲೇ. ಪೇಟೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ತಿಕ್ಕಿ ವಾಸಿ ಮಾಡಿಬಿಡುತ್ತಾರೆ.