ಅಂಜನಪ್ಪನ ಅರ್ಧ ರಸ್ತೆ

ಅಂಜನಪ್ಪ ಎನ್ನುವ ಹೆಸರು ಕಿವಿಗೆ ಬಿದ್ದ ದಿನ ನಾನು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕಾಲುಗಳನ್ನು. ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ, ಹೊಂಗೇಮರದ ಗೇಟು ಅನ್ನುವ ನಮ್ಮ ಊರಿನಲ್ಲಿ, ನಮ್ಮ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಅದರ ಅಡಿಯಿಂದ ಎರಡು ಕಾಲು ಆಚೆಗೆ ಚಾಚಿದ್ದವು. ಒಳಗಿನಿಂದ ನರ್ಸಮ್ಮ, "ಅಂಜನಪ್ಪಾ, ಆಯ್ತಾ? ಅಂಜನಪ್ಪಾ" ಅಂತ ಒಂದೇ ಸಮನೆ ಕೂಗುತ್ತಿದ್ದಳು. ಕಾಲು ಒದ್ದಾಡುತ್ತಿದ್ದವು.

ಸುಗ್ಗಿಯ ಕಾಲ ಅದು. ಹುರುಳಿ ಕಿತ್ತು ತಂದರೆ ನಮ್ಮ ಕಡೆ ಈಗ ಕಣ ಮಾಡುವವರಿಲ್ಲ. ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ತಿರುಗಿಸುವುದಕ್ಕೆ ಪುರುಸೊತ್ತು ಯಾರಿಗಿದೆ, ಎತ್ತಾದರೂ ಎಲ್ಲಿವೆ? ಟಾರು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹರಡಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಅವತ್ತು ಹರಡಿದ್ದು ನನ್ನ ಮೈದುನ ಚನ್ನವೀರಯ್ಯನ ಹುರುಳಿ. ಬಳ್ಳಿ ಪೂರ್ತಿ ಒಣಗಿರಲಿಲ್ಲ. ಗಾಡಿಯ ಕೆಳಗೆ ತಿರುಗುವ ಶಾಫ್ಟಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಸುಟ್ಟ ವಾಸನೆ, ಹೊಗೆ. ಒಳಗೆ ಆಕ್ಸಿಜನ್ ಸಿಲಿಂಡರು. ನಿಲ್ಲಿಸದೆ ಗತಿಯಿರಲಿಲ್ಲ.

ನಾನು ಮನೆಯೊಳಗಿಂದ ಕುಡುಗೋಲು ತಂದು ಬಗ್ಗಿ ಕೊಟ್ಟೆ. ಕೆಳಗಿಂದ ಒಂದು ಕೈ ಬಂದು ತೆಗೆದುಕೊಂಡಿತು. ಅಷ್ಟರಲ್ಲಿ ನರ್ಸಮ್ಮ ನನ್ನನ್ನೇ ಒಳಕ್ಕೆ ಕರೆದಳು. ರೋಗಿ ಮೂಗಿನ ಮೇಲಿನ ಮಾಸ್ಕ್ ಕಿತ್ತು ಹಾಕುತ್ತಿದ್ದಾನೆ, ಕೈ ಹಿಡಿದುಕೊಳ್ಳಿ ಅಂದಳು. ರುದ್ರಯ್ಯ ಅಂತ, ಹುಲಿಯೂರುದುರ್ಗದ ಕಡೆಯವನು, ಎದೆನೋವು. ಅವನ ಹೆಂಡತಿ ಕೆಳಗಿಳಿದು ಎರಡೂ ಕೈಯಲ್ಲಿ ಬಳ್ಳಿ ಬಾಚಿ ಬಾಚಿ ಚರಂಡಿಗೆ ಎಸೆಯುತ್ತಿದ್ದಳು. ನಾನು ಅವನ ಕೈ ಹಿಡಿಯುವ ಮೊದಲೇ ಅವನು ನನ್ನ ಮಣಿಕಟ್ಟು ಹಿಡಿದ.

"ಯಾವೂರು ಇದು?" ಅಂದ.

ಹೊಂಗೇಮರದ ಗೇಟು ಅಂದೆ.

"ಇನ್ನೂ ಇಲ್ಲೇ ಇದೀವಾ?"

ಆಮೇಲೆ ಅವನು ಮಾತಾಡಲಿಲ್ಲ. ಹಿಡಿತ ಮಾತ್ರ ಬಿಡಲಿಲ್ಲ. ಕೆಳಗಿಂದ "ಆಯ್ತು" ಅಂತ ಕೂಗು ಬಂದಾಗ ನರ್ಸಮ್ಮನೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾನು ಇಳಿದೆ, ಆ ಹೆಂಗಸು ಹತ್ತಿದಳು, ಗಾಡಿ ಹೋಯಿತು.

ಮಧ್ಯಾಹ್ನ ಆಂಬುಲೆನ್ಸ್ ವಾಪಸು ಬಂತು. ನರ್ಸಮ್ಮ, ವನಜಾಕ್ಷಿ ಅಂತ ಅವಳ ಹೆಸರು, ಕುಡುಗೋಲು ಕೊಡಲು ಇಳಿದಳು. ಕುಣಿಗಲ್ ಆಸ್ಪತ್ರೆಯ ಬಾಗಿಲಿಗೆ ಹೋಗುವಷ್ಟರಲ್ಲಿ ರುದ್ರಯ್ಯನ ಜೀವ ಹೋಗಿತ್ತಂತೆ. ಅವಳು ದನಿ ತಗ್ಗಿಸಿ, "ಅಮ್ಮ, ಗಾಡಿ ನಿಲ್ಸೋಕೆ ಮುಂಚೇನೇ ಹೋಗ್ಬಿಟ್ಟಿದ್ರು ಅಂತ ಡ್ರೈವರ್‌ಗೆ ಹೇಳಿದೀನಿ. ಕೇಳುದ್ರೆ ನೀವೂ ಹಂಗೇ ಅನ್ನಿ. ಇಲ್ದಿದ್ರೆ ಇವ್ರು ನಾಳೆಯಿಂದ ಸ್ಟೇರಿಂಗ್ ಮುಟ್ಟಲ್ಲ" ಅಂದಳು. ನಾನು ಕುಡುಗೋಲು ಇಸಿದುಕೊಂಡೆ. ಆಚೆ ಬದಿಯಲ್ಲಿ ಡ್ರೈವರ್ ಅಂಜನಪ್ಪ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಡಿಗೆ ಇಣುಕುತ್ತಿದ್ದ. ಎದ್ದಾಗ ಮುಖ ಕಂಡಿತು. ನಲವತ್ತರ ಆಸುಪಾಸಿನ ಗಂಡಸು, ಹುಬ್ಬಿನಲ್ಲಿ ಇನ್ನೂ ಹುರುಳಿ ಹೊಟ್ಟು.

ಅಂಜನಪ್ಪ ಗುಬ್ಬಿಯವನು. ಹೆಂಡತಿ ಮಕ್ಕಳು ಅಲ್ಲೇ ಇದ್ದರು. ವಾರದ ರಜ ಬಂದರೆ ಅಲ್ಲಿಗೆ ಹೋಗಬೇಕಾದವನು ಬೈಕು ಹತ್ತಿ ನಮ್ಮ ಗೇಟಿಗೆ ಬರತೊಡಗಿದ. ಮನೆ ಮನೆಯ ಮುಂದೆ ನಿಂತು ಒಂದೇ ಮಾತು: ಪೂರ್ತಿ ರಸ್ತೆ ಮುಚ್ಚಬೇಡಿ, ಅರ್ಧ ಬಿಡಿ. ಜನ ನಗುತ್ತಿದ್ದರು. ಪೊಲೀಸರು ಬಂದು ಗದರಿಸಿದರೂ ಬಳ್ಳಿಯನ್ನು ಪಕ್ಕಕ್ಕೆ ಎಳೆದು, ಜೀಪು ಮರೆಯಾದ ಮೇಲೆ ಮತ್ತೆ ಹರಡುವವರು, ಇವನ ಮಾತಿಗೆ ಬಗ್ಗುತ್ತಾರೆಯೇ? ಗೌರ್ಮೆಂಟೇ ಸುಮ್ಮನಿದೆ, ನಿನಗೇನಯ್ಯ ಅನ್ನುವರು. ಸುಗ್ಗಿ ಮುಗಿದರೂ ಅವನು ಬರುವುದು ನಿಲ್ಲಲಿಲ್ಲ. ಮುಂದಿನ ವರ್ಷಕ್ಕೆ ಈಗಲೇ ಹೇಳಬೇಕಲ್ಲ ಅನ್ನುತ್ತಿದ್ದ.

ಕೂತಿದ್ದನ್ನು ನಾನು ಕಾಣೆ. ಟೀ ಕೊಟ್ಟರೆ ನಿಂತೇ ಕುಡಿಯುವನು, ಅರ್ಧ ಲೋಟ ಜಗಲಿಯ ಮೇಲೆ ಬಿಟ್ಟು ಹಾರ್ನ್ ಕೇಳಿದ ಕಡೆಗೆ ಹೋಗುವನು. ಬಸ್ಸು ನಿಂತರೆ ಬಗ್ಗಿ ಅದರ ಅಡಿ ನೋಡುವನು. ಒಂದು ದಿನ, ಕೂತ್ಕೋಳಪ್ಪ, ಟೀಗೇನು ಕಾಲು ಬಂದಿಲ್ಲ ಅಂದೆ. "ಕೂತ್ರೆ ಆ ಸುಟ್ಟ ವಾಸ್ನೆ ಬರ್ತದೆ ಅಮ್ಮ" ಅಂದ. ಎಷ್ಟೋ ಸಲ "ಅಮ್ಮ, ಆವತ್ತು..." ಅಂತ ಶುರು ಮಾಡಿ, ನನ್ನ ಮುಖ ನೋಡಿ, ಕುಣಿಗಲ್ ಬಸ್ಸು ಹೋಯ್ತಾ ಅಂತ ಕೇಳಿಬಿಡುತ್ತಿದ್ದ. ಅವನಿಗೆ ಬೇಕಾದದ್ದು ಬಸ್ಸಿನ ಸುದ್ದಿಯಲ್ಲ ಅಂತ ನನಗೆ ಗೊತ್ತಿತ್ತು. ಆ ನಿಂತ ಹೊತ್ತಿನಲ್ಲೇ ರುದ್ರಯ್ಯನ ಜೀವ ಹೋಯಿತೇ, ಗಾಡಿ ನಿಲ್ಲದಿದ್ದರೆ ಉಳಿಯುತ್ತಿತ್ತೇ, ಅದು ಅವನನ್ನು ಒಳಗೆ ಕೊರೆಯುತ್ತಿತ್ತು. ಅವನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮಾರನೆಯ ಸುಗ್ಗಿ ಬಂತು. ಒಂದು ದಿನ ಖಾಲಿ ಗಾಡಿಯಲ್ಲಿ ಬರುತ್ತಿದ್ದವನು, ರಸ್ತೆ ತುಂಬ ಹುರುಳಿ ಕಂಡಿದ್ದೇ ಇಳಿದು ಬೂಟುಗಾಲಲ್ಲಿ ಪಕ್ಕಕ್ಕೆ ಒದೆಯತೊಡಗಿದ. ಚನ್ನವೀರಯ್ಯ ಓಡಿಬಂದು ಕೊರಳಪಟ್ಟಿಗೆ ಕೈ ಹಾಕಿದ.

"ಅನ್ನ ಒದೀತೀಯೇನ್ಲಾ?"

ಜನ ಸೇರಿದರು. ಕಾಳಿಗೆ ಕಾಲು ತಾಗಿಸಿದವನು ತಪ್ಪೊಪ್ಪಿಕೊಳ್ಳದೆ ಗಾಡಿ ಅಲ್ಲಾಡಬಾರದು ಅಂದರು. ಅಂಜನಪ್ಪ ಬೂಟು ಬಿಚ್ಚಿದ. ಒಂದು ಹಿಡಿ ಹುರುಳಿ ತೆಗೆದು ಕಣ್ಣಿಗೆ ಒತ್ತಿಕೊಂಡ. "ಕಾಳಿಗೆ ಕೈ ಮುಗೀತೀನಿ, ತಪ್ಪಾಯ್ತು. ಅರ್ಧ ರೋಡು ಬುಟ್ಕೊಡಿ, ನಿಮಗೂ ಮುಗೀತೀನಿ."

"ರೋಡೇನು ನಿಮ್ಮಪ್ಪಂದಾ?" ಅಂದ ಚನ್ನವೀರಯ್ಯ.

"ನಿಮ್ಮಪ್ಪಂದೂ ಅಲ್ವಲ್ಲಣ್ಣ" ಅಂತ ಗುಂಪಿನಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು. ನಗದವನು ಅಂಜನಪ್ಪನೊಬ್ಬನೇ. ಬೂಟು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿ ಹೋದ.

ಅವನ ಆ ಬರಿಗಾಲು ನನ್ನ ಕಣ್ಣಿಂದ ಹೋಗಲಿಲ್ಲ. ಹಿಂದೆ ಕಣದಲ್ಲಿ ರಾಶಿ ಮಾಡಿದ ಮೇಲೆ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದರು. ರಾಶಿಯ ಕಾಳು ಆ ಗೆರೆ ದಾಟಿ ಚೆಲ್ಲಬಾರದು, ದಾಟಿದರೆ ಹುಲುಸು ಹೋಗುತ್ತದೆ ಅಂತ ನಂಬಿಕೆ. ಗಂಡ ಹೋದ ಮೇಲೆ ನನ್ನನ್ನು ಯಾರೂ ರಾಶಿ ಪೂಜೆಗೆ ಕರೆದಿರಲಿಲ್ಲ. ಮಾರನೆಯ ಬೆಳಿಗ್ಗೆ ಒಲೆಯ ಬೂದಿಯನ್ನು ಮೊರಕ್ಕೆ ತುಂಬಿಕೊಂಡು ರಸ್ತೆಗಿಳಿದೆ. ಊರಿನ ಈ ತುದಿಯಿಂದ ಆ ತುದಿಯವರೆಗೆ ರಸ್ತೆಯ ನಡುವೆ ಗೆರೆ ಎಳೆದೆ.

ಚನ್ನವೀರಯ್ಯ ಹಲ್ಲುಕಡ್ಡಿ ಉಗಿದು, "ಏನತ್ಗೆ, ರಾಶಿ ಹತ್ರ ಬರಬಾರ್ದೋರು ರೋಡಿಗೇ ಪೂಜೆ ಮಾಡ್ತಾ ಇದೀರಾ" ಅಂದ.

"ಹೂಂ ಕಣಪ್ಪ, ಕಣದಿಂದ ಆಚೆ ಹಾಕಿದ್ರಿ. ಈಗ ಕಣವೇ ಮನೆ ಬಾಗ್ಲಿಗೆ ಬಂದದೆ" ಅಂದೆ.

ಅವನು ಗೆರೆಯ ಮೇಲೆ ಬಳ್ಳಿ ಎಳೆಯಲು ಹೋದಾಗ ಅವನ ಹೆಂಡತಿ ರಂಗಲಕ್ಷ್ಮಮ್ಮ ಪೊರಕೆ ಹಿಡಿದು ಅಡ್ಡ ಬಂದಳು. ನನ್ನ ಮೇಲಿನ ಪ್ರೀತಿಗಲ್ಲ. ಬೂದಿ ದಾಟಿದ ಕಾಳು ಮನೆಗೆ ಬೇಡ ಅಂತ, ಆಚೆ ಬಿದ್ದಿದ್ದನ್ನೆಲ್ಲ ಈಚೆಗೆ ಗುಡಿಸಿದಳು. ಗೊಣಗುತ್ತಲೇ ಉಳಿದ ಹೆಂಗಸರೂ ಗುಡಿಸಿದರು. ಟೈರಿಗೆ, ಗಾಳಿಗೆ ಗೆರೆ ಅಳಿಸುತ್ತಿತ್ತು, ನಾನು ದಿನಾ ಎಳೆಯುತ್ತಿದ್ದೆ. ಮುಂದಿನ ಊರಿನವರು ನಕ್ಕು ಸುಮ್ಮನಾದರು, ಅಲ್ಲಿ ಈಗಲೂ ರಸ್ತೆ ತುಂಬ ಹರಡುತ್ತಾರೆ. ನಮ್ಮ ಗೇಟಿನ ಮಟ್ಟಿಗೆ ಅರ್ಧ ರಸ್ತೆ ಉಳಿಯಿತು.

ಇನ್ನಾದರೂ ಅವನಿಗೆ ಸಮಾಧಾನ ಆದೀತು ಅಂದುಕೊಂಡಿದ್ದೆ. ಆಗಲಿಲ್ಲ. ದಾರಿ ತೆರೆದಿದ್ದರೂ ಖಾಲಿ ಗಾಡಿ ನಮ್ಮ ಮನೆಯ ಮುಂದೆ ನಿಧಾನವಾಗುತ್ತಿತ್ತು. ಕಿಟಕಿಯಿಂದ ಅವನು ಗೆರೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಆ ಸುಗ್ಗಿ ಮುಗಿದ ಮೇಲೆ ಅವನಿಗೆ ಗುಬ್ಬಿಗೇ ವರ್ಗವಾಯಿತು. ಬೈಕಿನ ಹಿಂದೆ ಟ್ರಂಕು ಕಟ್ಟಿಕೊಂಡು ಹೇಳಿಹೋಗಲು ಬಂದ. ಟೀ ಕೊಟ್ಟೆ. ಅವತ್ತು ಮೊದಲ ಸಲ ಜಗಲಿಯ ಮೇಲೆ ಕೂತ. ಲೋಟ ಪೂರ್ತಿ ಖಾಲಿ ಮಾಡಿದ. ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು, ಏಳಲಿಲ್ಲ.

"ಅಮ್ಮ, ಆವತ್ತು ನಾನಿನ್ನೂ ಗಾಡಿ ಅಡೀಲೇ ಇದ್ದೆ. ನೀವು ಇಳಿಯೋವಾಗ ಮೆಟ್ಲು ಹಿಡ್ಕೊಂಡ್ರಿ, ನಿಮ್ ಕೈ ನನ್ನ ಕಣ್ಣೆದುರಿಗೇ ಇತ್ತು. ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಕೆಂಪಗೆ ಕೂತಿತ್ತು."

ನಾನು ಸೆರಗಿನೊಳಗೆ ಕೈ ಎಳೆದುಕೊಂಡೆ. ಅವನು ಲೋಟವನ್ನು ಕೆಳಗಿಟ್ಟ.

"ಮುಂಚೇನೇ ಹೋಗಿದ್ರು ಅಂತ ನರ್ಸಮ್ಮ ಹೇಳಿದ್ದು ನಂಗೆ ಬೇಡ. ನೀವ್ ಹೇಳಿ. ನಾವಿಲ್ಲಿ ನಿಂತಿದ್ದಾಗ ರುದ್ರಯ್ಯ ಏನಾದ್ರೂ ಮಾತಾಡಿದ್ರಾ?"